ಕೆಂಡಕ್ಕೆ ಬೇಕಾದಷ್ಟೇ ಗಾಳಿ: ಮನೆಯ ಕಲ್ಲಿದ್ದಲು ಸ್ಟೋಕರ್ ಬಾಯ್ಲರ್ ಹೊಂದಿಸುವ ಬಗೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈಶಾನ್ಯದಲ್ಲಿ, ಸ್ಕ್ರ್ಯಾಂಟನ್, ವಿಲ್ಕ್ಸ್-ಬ್ಯಾರಿ, ಹೇಜಲ್ಟನ್, ಪಾಟ್ಸ್‌ವಿಲ್ ಊರುಗಳ ಸುತ್ತ, ಕಲ್ಲಿದ್ದಲು ಸುಟ್ಟು ಮನೆ ಬೆಚ್ಚಗಿಡುವವರು ಈಗಲೂ ಇದ್ದಾರೆ. ಅವರ ನೆಲಮಾಳಿಗೆಯಲ್ಲಿ ಒಂದು ಬಾಯ್ಲರ್ ಇರುತ್ತದೆ. ಅದರ ಪಕ್ಕದ ಅಥವಾ ಹಿಂಬದಿಯ ಹಾಪರ್‌ಗೆ ಕಲ್ಲಿದ್ದಲು ಸುರಿದರೆ ಮುಂದಿನದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಮೋಟಾರು ಕಲ್ಲಿದ್ದಲನ್ನು ಸ್ವಲ್ಪಸ್ವಲ್ಪವಾಗಿ ಬೆಂಕಿಗೆ ತಳ್ಳುತ್ತದೆ, ಸಣ್ಣ ಫ್ಯಾನು ಕೆಂಡದ ಅಡಿಯಿಂದ ಗಾಳಿ ಊದುತ್ತದೆ, ಕಾದ ನೀರು ಕೊಳವೆಗಳ ಮೂಲಕ ಕೋಣೆಕೋಣೆಗೆ ಹರಿಯುತ್ತದೆ. ಹೀಗೆ ತಾನಾಗಿಯೇ ಇಂಧನ ತಳ್ಳಿಕೊಳ್ಳುವ ಭಾಗಕ್ಕೆ ಸ್ಟೋಕರ್ ಎನ್ನುತ್ತಾರೆ.

ಕೆಲಸಕ್ಕೆಂದು ಆ ಕಡೆ ಹೋಗಿ ಹಳೆಯ ಮನೆ ಕೊಂಡ ಕನ್ನಡಿಗರಿಗೂ ಇಂಥ ಬಾಯ್ಲರ್ ಎದುರಾಗಬಹುದು. ಚೆನ್ನಾಗಿ ಹೊಂದಿಸಿದ ಸ್ಟೋಕರ್ ದಿನಕ್ಕೊಮ್ಮೆ ಬೂದಿ ತೆಗೆದು ಹಾಪರ್ ತುಂಬಿಸುವುದನ್ನು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಹೊಂದಿಕೆ ತಪ್ಪಿದ್ದು ಉರಿಯದ ಕಲ್ಲಿದ್ದಲನ್ನು ಬೂದಿಯ ತೊಟ್ಟಿಗೆ ಸುರಿಯುತ್ತದೆ, ನಡುರಾತ್ರಿ ಆರಿಹೋಗುತ್ತದೆ, ಕೆಲವೊಮ್ಮೆ ವಿಷಾನಿಲವನ್ನು ಮನೆಯೊಳಕ್ಕೇ ಬಿಡುತ್ತದೆ. ಇವೆರಡರ ನಡುವಿನ ಅಂತರವೆಲ್ಲ ಗಾಳಿಯನ್ನು ಅರ್ಥಮಾಡಿಕೊಳ್ಳುವುದರಲ್ಲಿದೆ.

ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು

ಈ ಬಾಯ್ಲರ್‌ಗಳಲ್ಲಿ ಸುಡುವುದು ಆಂಥ್ರಸೈಟ್. ಕಲ್ಲಿದ್ದಲುಗಳಲ್ಲೇ ಹೆಚ್ಚು ಗಟ್ಟಿಯಾದ, ಹೊಳಪಿನ, ಮುಟ್ಟಿದರೆ ಕೈಗೆ ಅಷ್ಟಾಗಿ ಮಸಿ ಹತ್ತದ ಜಾತಿ ಇದು. ಇದರಲ್ಲಿ ಇಂಗಾಲದ ಪ್ರಮಾಣ ಬಹಳ ಹೆಚ್ಚು. ಕಾದಾಗ ಅನಿಲವಾಗಿ ಹೊರಬೀಳುವ ಅಂಶ ನೂರಕ್ಕೆ ಎಂಟನ್ನು ಮೀರುವುದಿಲ್ಲ. ಆದ್ದರಿಂದಲೇ ಅದು ಹೊಗೆಯಿಲ್ಲದೆ ಉರಿಯುತ್ತದೆ, ಮತ್ತು ಅದೇ ಕಾರಣಕ್ಕೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಇದನ್ನು ಮನೆಯೊಳಗೆ ಸುಡಲಾಗದು ಎಂದೇ ಬಹುಕಾಲ ಜನ ನಂಬಿದ್ದರು. 1808ರ ಫೆಬ್ರವರಿಯಲ್ಲಿ ವಿಲ್ಕ್ಸ್-ಬ್ಯಾರಿಯ ಜೆಸ್ಸಿ ಫೆಲ್ ತಮ್ಮ ಛತ್ರದಲ್ಲಿ ಕಬ್ಬಿಣದ ಸರಳುಗಳ ಜಾಲರಿಯೊಂದನ್ನು ಮಾಡಿಸಿ, ಅದರ ಮೇಲೆ ಆಂಥ್ರಸೈಟ್ ಉರಿಸಿ ತೋರಿಸಿದರು. ಸರಳುಗಳ ಸಂದಿನಿಂದ ಗಾಳಿ ಕೆಳಗಿನಿಂದ ಮೇಲಕ್ಕೆ ಹಾಯ್ದದ್ದೇ ಆ ಪ್ರಯೋಗದ ಗೆಲುವಿಗೆ ಕಾರಣ. ಇಂದಿನ ಸ್ಟೋಕರ್‌ಗಳೂ ಅದೇ ಏರ್ಪಾಟನ್ನು ಮೋಟಾರು, ಫ್ಯಾನುಗಳ ನೆರವಿನಿಂದ ನಡೆಸುತ್ತವೆ.

ಪೆನ್ಸಿಲ್ವೇನಿಯಾದ ಆಂಥ್ರಸೈಟ್ ಗಣಿಗಾರಿಕೆ 1917ರಲ್ಲಿ ಉತ್ತುಂಗ ಮುಟ್ಟಿತು. ಆ ವರ್ಷ ತೆಗೆದದ್ದು ಸುಮಾರು 10 ಕೋಟಿ ಟನ್. ಆಮೇಲೆ ಎಣ್ಣೆ, ಅನಿಲಗಳು ಬಂದು ಅದರ ಮಾರುಕಟ್ಟೆಯನ್ನು ಕಿತ್ತುಕೊಂಡವು. 1959ರ ಜನವರಿಯಲ್ಲಿ ಸಸ್ಕ್ವೆಹಾನಾ ನದಿ ನಾಕ್ಸ್ ಗಣಿಯೊಳಕ್ಕೆ ನುಗ್ಗಿ 12 ಮಂದಿ ಸತ್ತ ಮೇಲೆ ಆ ಕಣಿವೆಯಲ್ಲಿ ಆಳದ ಗಣಿಗಳ ಕಾಲ ಬಹುಮಟ್ಟಿಗೆ ಮುಗಿಯಿತು. ಉಳಿದುಕೊಂಡ ಬೇಡಿಕೆಯಲ್ಲಿ ಮನೆಗಳದ್ದೂ ಒಂದು ಪಾಲು.

ಗಣಿಯಿಂದ ಬಂದ ಕಲ್ಲಿದ್ದಲನ್ನು ಒಡೆದು, ಜರಡಿ ಹಿಡಿದು, ಗಾತ್ರಕ್ಕೊಂದು ಹೆಸರಿಟ್ಟು ಮಾರುತ್ತಾರೆ. ಮನೆಯ ಸ್ಟೋಕರ್‌ಗಳಿಗೆ ಹೆಚ್ಚಾಗಿ ಬೇಕಾಗುವುದು ‘ರೈಸ್’ ಗಾತ್ರ, ಅಂದರೆ ಸುಮಾರು 5ರಿಂದ 8 ಮಿಲಿಮೀಟರಿನ ಹರಳು. ಅದಕ್ಕಿಂತ ದಪ್ಪನೆಯದು 8ರಿಂದ 14 ಮಿಲಿಮೀಟರಿನ ‘ಬಕ್‌ವೀಟ್’, ಇನ್ನೂ ದಪ್ಪನೆಯದು ‘ಪೀ’. ಗಾತ್ರದ ಈ ಕಟ್ಟುನಿಟ್ಟು ವ್ಯಾಪಾರದ ಅನುಕೂಲಕ್ಕಾಗಿ ಮಾತ್ರ ಬಂದದ್ದಲ್ಲ. ಹರಳುಗಳ ನಡುವಿನ ಸಂದುಗಳೇ ಗಾಳಿಯ ದಾರಿ. ಪುಡಿ ಹೆಚ್ಚಾದರೆ ಸಂದು ಮುಚ್ಚುತ್ತದೆ, ಹರಳು ದಪ್ಪವಾದರೆ ಅದು ಬೆಂದು ಮುಗಿಯುವ ಮೊದಲೇ ಜಾಲರಿಯ ತುದಿ ತಲುಪುತ್ತದೆ. ತಯಾರಕರು ಹೇಳಿದ ಗಾತ್ರವನ್ನು ಬಿಟ್ಟು ಬೇರೆ ಸುರಿದರೆ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ.

ಸ್ಟೋಕರ್‌ಗಳಲ್ಲಿ ಎರಡು ಮುಖ್ಯ ಬಗೆ

ಮೊದಲನೆಯದು ಚಪ್ಪಟೆ ಜಾಲರಿಯದು. ತುಸು ಇಳಿಜಾರಾದ ಎರಕದ ಕಬ್ಬಿಣದ ಹಾಸಿನ ತುಂಬ ಸಣ್ಣಸಣ್ಣ ತೂತುಗಳಿರುತ್ತವೆ. ಹಾಪರ್‌ನಿಂದ ಇಳಿದ ಕಲ್ಲಿದ್ದಲನ್ನು ಹಿಂದೆಮುಂದೆ ಆಡುವ ತಳ್ಳುಪಟ್ಟಿಯೊಂದು ಈ ಹಾಸಿನ ಮೇಲೆ ಮುಂದಕ್ಕೆ ದೂಡುತ್ತದೆ. ಒಂದು ತುದಿಯಲ್ಲಿ ಕಪ್ಪಗೆ ಹೊಕ್ಕ ಕಲ್ಲಿದ್ದಲು ನಡುವೆ ಕೆಂಡವಾಗಿ, ಇನ್ನೊಂದು ತುದಿಯಲ್ಲಿ ಬೂದಿಯಾಗಿ ತೊಟ್ಟಿಗೆ ಬೀಳುತ್ತದೆ. ಸ್ಕೂಲ್‌ಕಿಲ್ ಹೇವನ್‌ನ ಕೀಸ್ಟೋಕರ್, ಬರ್ವಿಕ್‌ನ ಲೀಷರ್ ಲೈನ್ ಬಾಯ್ಲರ್‌ಗಳು ಈ ಬಗೆಯವು. ಇಲ್ಲಿ ಪೂರೈಕೆಯ ವೇಗವನ್ನು ತಳ್ಳುಪಟ್ಟಿಯ ಓಡಾಟದ ಉದ್ದ ಬದಲಿಸಿಯೋ ಮೋಟಾರು ಓಡುವ ಹೊತ್ತನ್ನು ಬದಲಿಸಿಯೋ ಹೊಂದಿಸುತ್ತಾರೆ.

ಎರಡನೆಯ ಬಗೆಯಲ್ಲಿ ಕಲ್ಲಿದ್ದಲು ಕೆಳಗಿನಿಂದ ಬರುತ್ತದೆ. ತಿರುಗುವ ಸ್ಕ್ರೂ ಅದನ್ನು ಕೊಳವೆಯೊಳಗೆ ಸಾಗಿಸಿ, ಬೆಂಕಿಯ ಕುಂಡದ ತಳದಿಂದ ಮೇಲಕ್ಕೆ ಒತ್ತುತ್ತದೆ. ಕುಂಡದ ಸುತ್ತಲಿನ ತೂತುಗಳಿಂದ ಗಾಳಿ ನುಗ್ಗುತ್ತದೆ, ಬೂದಿ ಅಂಚಿನಿಂದ ಹೊರಕ್ಕೆ ಉದುರುತ್ತದೆ. ಎಮ್ಮಾಸ್ ಊರಿನ ಎಲೆಕ್ಟ್ರಿಕ್ ಫರ್ನೆಸ್-ಮ್ಯಾನ್ ಯಂತ್ರಗಳು ಇದಕ್ಕೆ ಹೆಸರಾದವು. ಅವುಗಳಲ್ಲಿ ಹಲ್ಲುಚಕ್ರವೊಂದು ಪ್ರತಿ ಸುತ್ತಿಗೆ ಎಷ್ಟು ಹಲ್ಲು ಮುಂದೆ ಸರಿಯಬೇಕು ಎಂಬುದನ್ನು ಬದಲಿಸಿ ಪೂರೈಕೆಯನ್ನು ನಿಗದಿಮಾಡುತ್ತಾರೆ.

ಇವಲ್ಲದೆ ವಿಲಿಯಮ್ಸ್‌ಪೋರ್ಟ್‌ನಲ್ಲಿ ಹುಟ್ಟಿದ ಆಕ್ಸ್‌ಮನ್-ಆ್ಯಂಡರ್ಸನ್ ಬಾಯ್ಲರ್‌ಗಳೂ ಇವೆ. ಅವುಗಳ ಫ್ಯಾನು ಗಾಳಿಯನ್ನು ಊದುವ ಬದಲು ಎಳೆಯುತ್ತದೆ. ಅವುಗಳ ಲೆಕ್ಕಾಚಾರವೇ ಬೇರೆ. ಮುಂದಿನ ವಿವರಗಳು ಮುಖ್ಯವಾಗಿ ಮೊದಲ ಎರಡು ಬಗೆಗಳಿಗೆ ಸೇರಿದವು.

ಒಂದು ಕಿಲೋ ಕಲ್ಲಿದ್ದಲಿಗೆ ಎಷ್ಟು ಗಾಳಿ?

ಒಂದು ಕಿಲೋ ಇಂಗಾಲ ಪೂರ್ತಿ ಉರಿಯಲು ಸುಮಾರು 11.5 ಕಿಲೋ ಗಾಳಿ ಬೇಕು. ಬೂದಿ, ತೇವಗಳನ್ನು ಕಳೆದರೆ ಒಂದು ಕಿಲೋ ಆಂಥ್ರಸೈಟಿಗೆ ಹತ್ತೂವರೆ ಕಿಲೋ, ಅಂದರೆ ಸುಮಾರು 9 ಘನ ಮೀಟರ್ ಗಾಳಿ. ಗಂಟೆಗೆ ನಾಲ್ಕೂವರೆ ಕಿಲೋ ಸುಡುವ ಬಾಯ್ಲರ್‌ಗೆ ಕನಿಷ್ಠ 40 ಘನ ಮೀಟರ್ ಬೇಕಾಯಿತು. ಆದರೆ ಪ್ರತಿಯೊಂದು ಹರಳಿಗೂ ಗಾಳಿ ಸಮನಾಗಿ ತಾಗುವುದಿಲ್ಲವಾದ್ದರಿಂದ ಅರ್ಧದಷ್ಟಾದರೂ ಹೆಚ್ಚುವರಿ ಕೊಡಬೇಕಾಗುತ್ತದೆ. ಹಾಗಾದರೆ ನಿಮಿಷಕ್ಕೊಂದು ಘನ ಮೀಟರ್ ಗಾಳಿ ನೆಲಮಾಳಿಗೆಯಿಂದ ಬಾಯ್ಲರಿನೊಳಕ್ಕೆ ಹೋಗಿ ಚಿಮಣಿಯಿಂದ ಹೊರಬೀಳಬೇಕು. ಅಷ್ಟು ಗಾಳಿ ಎಲ್ಲಿಂದಾದರೂ ಮನೆಯೊಳಗೆ ಬರಲೇಬೇಕು ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಗಾಳಿ ಕಡಿಮೆಯಾದರೆ ಏನಾಗುತ್ತದೆ? ಕೆಂಡದ ಕೆಳಪದರದಲ್ಲಿ ಇಂಗಾಲ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದು ಮೇಲಿನ ಕಾದ ಕೆಂಡದ ಮೂಲಕ ಹಾಯುವಾಗ ಮತ್ತಷ್ಟು ಇಂಗಾಲವನ್ನು ಸೇರಿಸಿಕೊಂಡು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಆಂಥ್ರಸೈಟ್ ಬೆಂಕಿಯ ಮೇಲೆ ಕುಣಿಯುವ ತಿಳಿನೀಲಿ ಜ್ವಾಲೆಗಳು ಈ ಅನಿಲ ಉರಿಯುವುದರ ಗುರುತು. ಅದು ಅಲ್ಲೇ ಉರಿದು ಮುಗಿದರೆ ಒಳ್ಳೆಯದು. ಹಾಗೆಯೇ ಚಿಮಣಿ ಸೇರಿದರೆ ಶಾಖದ ದೊಡ್ಡ ಪಾಲು ಅದರ ಜೊತೆಗೇ ಹೋಯಿತು. ಒಂದು ಕಿಲೋ ಇಂಗಾಲ ಡೈಆಕ್ಸೈಡ್ ಆದರೆ 32.8 ಮೆಗಾಜೂಲ್ ಶಾಖ ಸಿಗುತ್ತದೆ, ಮಾನಾಕ್ಸೈಡ್‌ನಲ್ಲೇ ನಿಂತರೆ 9.2 ಮೆಗಾಜೂಲ್ ಮಾತ್ರ.

ಗಾಳಿ ಅತಿಯಾದರೂ ನಷ್ಟವೇ. ಬೇಡದ ಗಾಳಿ ಬೆಂಕಿಯ ಶಾಖವನ್ನು ಹೊತ್ತು ಹೊರಗೆ ಹೋಗುತ್ತದೆ. ಹೊಗೆಗೊಳವೆಯ ಬಿಸಿ 200 ಡಿಗ್ರಿ ಸೆಲ್ಸಿಯಸ್ ಇದ್ದು, ಗಾಳಿ ಅಗತ್ಯಕ್ಕಿಂತ ಅರ್ಧ ಪಾಲು ಹೆಚ್ಚಿದ್ದರೆ ಕಲ್ಲಿದ್ದಲಿನ ಶಾಖದ ಹತ್ತನೇ ಒಂದು ಭಾಗ ಚಿಮಣಿಯಿಂದ ಹೋಗುತ್ತದೆ. ಗಾಳಿ ಅಗತ್ಯದ ಮೂರು ಪಟ್ಟಾದರೆ ಐದರಲ್ಲೊಂದು ಭಾಗ. ಎರಡೂ ತುದಿಗಳಲ್ಲಿ ನಷ್ಟವಿರುವಾಗ ಸರಿಯಾದ ಜಾಗ ಕಂಡುಕೊಳ್ಳುವುದೇ ಹೊಂದಾಣಿಕೆ.

ಸೌದೆ ಒಲೆಯ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ. ಬಚ್ಚಲ ಹಂಡೆಯ ಒಲೆಯಲ್ಲಿ ಸೌದೆಯಿಂದ ಹೊರಟ ಅನಿಲವೇ ಜ್ವಾಲೆಯಾಗುತ್ತದೆ, ಆದ್ದರಿಂದ ಒಲೆಯ ಬಾಯಿಂದ ಬರುವ ಗಾಳಿ ಸಾಕು. ಕೋಲು ತೂರಿಸಿ ಕೆದಕಿದರೆ ಉರಿ ಏಳುತ್ತದೆ. ಆಂಥ್ರಸೈಟಿಗೆ ಗಾಳಿ ಹಾಸಿನ ಅಡಿಯಿಂದಲೇ ಬರಬೇಕು, ಮತ್ತು ಕೆಂಡವನ್ನು ಕೆದಕಲೇಬಾರದು. ಕೆದಕಿದರೆ ಬೂದಿ ಮತ್ತು ಕೆಂಡ ಬೆರೆತು ಗಾಳಿಯ ದಾರಿ ಕೆಡುತ್ತದೆ, ಬೆಂಕಿ ಆರಿಯೇ ಹೋಗಬಹುದು.

ಮೊದಲು ಚಿಮಣಿ, ಆಮೇಲೆ ಫ್ಯಾನು

ಬಾಯ್ಲರ್ ಹೊಂದಿಸಲು ಕುಳಿತವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಫ್ಯಾನಿನ ಗಾಳಿಬಾಗಿಲಿಗೆ. ಅದು ತಲೆಕೆಳಗಾದ ಕ್ರಮ. ಚಿಮಣಿಯ ಎಳೆತ ಸರಿಯಿಲ್ಲದಿದ್ದರೆ ಫ್ಯಾನಿನ ಹೊಂದಾಣಿಕೆ ಇಂದು ಸರಿಯೆನಿಸಿ ನಾಳೆ ತಪ್ಪುತ್ತದೆ.

ಚಿಮಣಿಯೊಳಗಿನ ಬಿಸಿ ಗಾಳಿ ಹೊರಗಿನ ತಣ್ಣನೆಯ ಗಾಳಿಗಿಂತ ಹಗುರ, ಹಾಗಾಗಿ ಮೇಲೇರುತ್ತದೆ. ಈ ಎಳೆತವನ್ನೇ ಡ್ರಾಫ್ಟ್ ಎನ್ನುವುದು. ಹೊರಗಿನ ಹವೆಯ ಜೊತೆ ಇದು ಎಷ್ಟು ಏರುಪೇರಾಗುತ್ತದೆ ಎಂಬುದು ಲೆಕ್ಕ ಹಾಕಿದಾಗಲೇ ಮನದಟ್ಟಾಗುತ್ತದೆ. 7 ಮೀಟರ್ ಎತ್ತರದ ಚಿಮಣಿಯನ್ನು ತೆಗೆದುಕೊಳ್ಳೋಣ. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದು ಒಳಗಿನ ಅನಿಲ 150 ಡಿಗ್ರಿ ಇದ್ದರೆ ಎಳೆತ ಸುಮಾರು 37 ಪಾಸ್ಕಲ್. ಹೊರಗೆ 30 ಡಿಗ್ರಿ ಬೇಸಿಗೆಯಿದ್ದು, ಬೆಂಕಿ ತಗ್ಗಿ, ಒಳಗಿನ ಅನಿಲ 60 ಡಿಗ್ರಿ ಮಾತ್ರ ಇದ್ದರೆ ಅದೇ ಚಿಮಣಿಯ ಎಳೆತ ಸುಮಾರು 7 ಪಾಸ್ಕಲ್. ಐದು ಪಟ್ಟು ವ್ಯತ್ಯಾಸ! ಗಾಳಿ ಬೀಸುವ ರಾತ್ರಿ ಇನ್ನೂ ಹೆಚ್ಚು.

ಇದನ್ನು ಹತೋಟಿಗೆ ತರಲು ಹೊಗೆಗೊಳವೆಯಲ್ಲಿ ಬ್ಯಾರೊಮೆಟ್ರಿಕ್ ಡ್ಯಾಂಪರ್ ಇಡುತ್ತಾರೆ. ಅದು ಸಣ್ಣ ತೂಕ ಕಟ್ಟಿದ, ತೂಗಾಡುವ ದುಂಡು ಬಾಗಿಲು. ಎಳೆತ ಹೆಚ್ಚಾದಾಗ ಬಾಗಿಲು ತಾನೇ ತೆರೆದು ನೆಲಮಾಳಿಗೆಯ ಗಾಳಿಯನ್ನು ಚಿಮಣಿಗೆ ಬಿಡುತ್ತದೆ, ಆಗ ಬೆಂಕಿಯ ಮೇಲಿನ ಎಳೆತ ತಗ್ಗುತ್ತದೆ. ಬಾಗಿಲಿನ ಕೀಲು ಮಟ್ಟವಾಗಿಯೂ ಮುಖ ನೆಟ್ಟಗೂ ಇರಬೇಕು. ಓರೆಯಾಗಿ ಕೂತ ಡ್ಯಾಂಪರ್ ಎಷ್ಟು ತೂಕ ಬದಲಿಸಿದರೂ ಸರಿಹೋಗದು.

ಎಳೆತವನ್ನು ಅಳೆಯಲು ಮಾನೋಮೀಟರ್ ಬೇಕು. ಕಣ್ಣಳತೆ, ಬೆಂಕಿಕಡ್ಡಿಯ ಹೊಗೆ, ಅನುಭವ ಇವು ಯಾವುವೂ ಅದರ ಬದಲಿಗೆ ಬರುವುದಿಲ್ಲ. ಅಮೆರಿಕದಲ್ಲಿ ಇದನ್ನು ನೀರಿನ ಇಂಚಿನಲ್ಲಿ ಹೇಳುತ್ತಾರೆ. ಹಲವು ತಯಾರಕರು ಕೇಳುವುದು ಸೊನ್ನೆಗಿಂತ 0.02ರಿಂದ 0.05 ಇಂಚು ಕೆಳಗೆ, ಅಂದರೆ ಸುಮಾರು 5ರಿಂದ 12 ಪಾಸ್ಕಲ್ ಎಳೆತ. ಸರಿಯಾದ ಅಂಕಿ ಆಯಾ ಬಾಯ್ಲರ್‌ನ ಕೈಪಿಡಿಯಲ್ಲಿರುತ್ತದೆ. ಅಳತೆಯನ್ನು ಡ್ಯಾಂಪರ್‌ಗಿಂತ ಬಾಯ್ಲರ್ ಕಡೆಗೆ, ಬೆಂಕಿ ಚೆನ್ನಾಗಿ ಕಾದಮೇಲೆ ತೆಗೆದುಕೊಳ್ಳಬೇಕು.

ಫ್ಯಾನು ಪೂರ್ತಿ ಓಡುವಾಗ ಬೆಂಕಿಯ ಮೇಲಿನ ಒತ್ತಡ ಸೊನ್ನೆಗಿಂತ ಕೆಳಗೇ ಇರಬೇಕು. ಫ್ಯಾನು ನಿಂತಾಗ ಸರಿಯಾಗಿರುವ ಎಳೆತ, ಫ್ಯಾನು ಓಡಿದೊಡನೆ ಕುಸಿದು ಸೊನ್ನೆ ದಾಟಿದರೆ, ಒಲೆಗೂಡಿನ ಅನಿಲ ಬಾಗಿಲ ಸಂದುಗಳಿಂದ, ಹಾಪರ್‌ನ ಮೂಲಕ ಮನೆಯೊಳಗೆ ಬರುತ್ತದೆ. ಒಂದೇ ಸ್ಥಿತಿಯಲ್ಲಿ ಅಳೆದು ಸುಮ್ಮನಾಗುವವರು ಇದನ್ನು ಕಾಣುವುದೇ ಇಲ್ಲ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬಿಡಲೇಬಾರದ ಪರೀಕ್ಷೆ ಇದು.

ಪೂರ್ತಿ ಉರಿಯಲ್ಲಿ ಪೂರೈಕೆ ಮತ್ತು ಗಾಳಿ

ಎಳೆತ ನೆಲೆಗೊಂಡ ಮೇಲೆ ಸ್ಟೋಕರ್‌ನ ಸರದಿ. ಹೊಂದಿಸುವ ಹೊತ್ತಿಗೆ ಬಾಯ್ಲರ್ ತನ್ನ ಪೂರ್ತಿ ಸಾಮರ್ಥ್ಯದಲ್ಲಿ ಎಡೆಬಿಡದೆ ಓಡುತ್ತಿರಬೇಕು. ಅದಕ್ಕೆ ತಣ್ಣನೆಯ ದಿನ ಆರಿಸಿಕೊಂಡು, ಮನೆಯ ಎಲ್ಲ ಥರ್ಮೋಸ್ಟಾಟ್‌ಗಳನ್ನೂ ಏರಿಸಿ, ಗಂಟೆಗಟ್ಟಲೆ ಓಡಲು ಬಿಡುತ್ತಾರೆ. ಆಗೊಮ್ಮೆ ಈಗೊಮ್ಮೆ ಓಡಿ ನಿಲ್ಲುವ ಬೆಂಕಿಯನ್ನು ನೋಡಿ ತೀರ್ಮಾನಿಸಿದರೆ, ಜನವರಿಯ ನಿಜವಾದ ಚಳಿಯಲ್ಲಿ ಕೆಂಡ ಸಹಿತ ಬೂದಿ ತೊಟ್ಟಿಗೆ ಬೀಳುತ್ತದೆ.

ಚಪ್ಪಟೆ ಜಾಲರಿಯಲ್ಲಿ ನೋಡಬೇಕಾದ್ದು ಬೂದಿ ಬೀಳುವ ತುದಿ. ಪೂರ್ತಿ ಉರಿಯಲ್ಲಿ ಅಲ್ಲಿ ಒಂದರಿಂದ ಒಂದೂವರೆ ಇಂಚು ಅಗಲದ ಬೂದಿಯ ಪಟ್ಟಿ ಉಳಿದಿದ್ದರೆ ಸರಿ. ಕೆಂಡ ತುದಿಯವರೆಗೂ ಬಂದು ಉರುಳುತ್ತಿದ್ದರೆ ಪೂರೈಕೆ ಗಾಳಿಯನ್ನು ಮೀರಿದೆ: ಪೂರೈಕೆ ತಗ್ಗಿಸಬೇಕು, ಇಲ್ಲವೇ ಗಾಳಿ ಹೆಚ್ಚಿಸಬೇಕು. ಬೂದಿಯ ಪಟ್ಟಿ ನಾಲ್ಕೈದು ಇಂಚು ಅಗಲವಾಗಿ, ಬೆಂಕಿ ಹಿಂದಕ್ಕೆ ಸರಿದಿದ್ದರೆ ಜಾಲರಿಯ ಅಷ್ಟೂ ಭಾಗ ಸುಮ್ಮನೆ ಕೂತಿದೆ ಎಂದರ್ಥ. ಮನೆಗೆ ಹೆಚ್ಚು ಶಾಖ ಬೇಕಿದ್ದರೆ ಪೂರೈಕೆ ಏರಿಸಬಹುದು. ಮನೆ ಬೆಚ್ಚಗೇ ಇದ್ದರೆ ಪಟ್ಟಿ ಅಗಲವಾಯಿತೆಂದು ಅದನ್ನು ತುಂಬಿಸುವ ಅಗತ್ಯವಿಲ್ಲ, ಗಾಳಿಯನ್ನು ತುಸು ತಗ್ಗಿಸಿದರಾಯಿತು. ಆ ಖಾಲಿ ಬೂದಿಯ ತೂತುಗಳಿಂದ ಬರುವ ಗಾಳಿ ಏನನ್ನೂ ಸುಡದೆ ಶಾಖವನ್ನಷ್ಟೇ ಕದಿಯುತ್ತಿರುತ್ತದೆ.

ಕೆಳಗಿನಿಂದ ತುಂಬುವ ಕುಂಡದಲ್ಲಿ ಬೆಂಕಿಯ ಆಕಾರವೇ ಸೂಚನೆ ಕೊಡುತ್ತದೆ. ನಡುವೆ ತುಸು ಉಬ್ಬಿ, ಅಂಚಿನಲ್ಲಿ ಬೂದಿಯ ಉಂಗುರ ಕಟ್ಟಿದ್ದರೆ ಚೆನ್ನ. ಉಬ್ಬು ಮುರುಟಿ ಬೆಂಕಿ ಕುಂಡದೊಳಕ್ಕೆ ಇಳಿದಿದ್ದರೆ ಗಾಳಿ ಜಾಸ್ತಿ, ಪೂರೈಕೆ ಸಾಲದು. ಹಾಗೇ ಬಿಟ್ಟರೆ ಕೆಂಡದ ರಕ್ಷಣೆಯಿಲ್ಲದ ಕಬ್ಬಿಣ ಕಾದು ಹಾಳಾಗುತ್ತದೆ. ಕಪ್ಪು ಕಲ್ಲಿದ್ದಲು ಗುಡ್ಡೆಯಾಗಿ ಎದ್ದು ಅಂಚು ದಾಟುತ್ತಿದ್ದರೆ ಅದರ ತಿರುವುಮುರುವು.

ಬದಲಾವಣೆ ಮಾಡುವಾಗ ಎರಡು ಮಾತು ಪಾಲಿಸಲೇಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪೂರೈಕೆ ಇಲ್ಲವೇ ಗಾಳಿ. ಬದಲಿಸಿದ್ದು ಸ್ವಲ್ಪವೇ ಇರಲಿ, ಆಮೇಲೆ ಒಂದು ಗಂಟೆಯಾದರೂ ಕಾಯಿರಿ. ಕಲ್ಲಿದ್ದಲು ಜಾಲರಿಯ ಮೇಲೆ ನಿಧಾನವಾಗಿ ತೆವಳುತ್ತದೆ. ಈಗ ತುದಿಯಲ್ಲಿ ಕಾಣುವ ಬೂದಿ ಹಿಂದಿನ ಹೊಂದಾಣಿಕೆಯದು, ಹೊಸತರ ಫಲ ಅಲ್ಲಿಗೆ ತಲುಪಲು ಹೊತ್ತು ಬೇಕು. ಹತ್ತು ನಿಮಿಷಕ್ಕೊಮ್ಮೆ ತಿರುಪು ತಿರುಗಿಸುವವರು ತಾವು ಮಾಡಿದ್ದರ ಪರಿಣಾಮವನ್ನು ಎಂದೂ ಕಾಣುವುದಿಲ್ಲ. ಪ್ರತಿ ಬದಲಾವಣೆಯನ್ನೂ ಬಾಯ್ಲರ್ ಪಕ್ಕದಲ್ಲಿ ತೂಗುಹಾಕಿದ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಚಳಿಗಾಲಕ್ಕೂ ಉಪಯೋಗ.

ಎಲ್ಲ ಯಂತ್ರಗಳಲ್ಲೂ ಗಾಳಿಯನ್ನು ಬದಲಿಸಬೇಕೆಂದೇನೂ ಇಲ್ಲ. ಕೆಲವು ಸ್ಟೋಕರ್‌ಗಳ ಫ್ಯಾನನ್ನು ಜಾಲರಿಗೆ ತಕ್ಕಂತೆಯೇ ಆರಿಸಿ, ಗಾಳಿ ಪೂರ್ತಿ ತೆರೆದಿರಲಿ, ಪೂರೈಕೆಯನ್ನಷ್ಟೇ ಹೊಂದಿಸಿ ಎಂದು ತಯಾರಕರು ಹೇಳಿರುತ್ತಾರೆ. ಅಲ್ಲಿ ಅವರ ಮಾತೇ ಅಂತಿಮ.

ಬೂದಿಯನ್ನು ಓದುವುದು

ಉರಿಯುವ ಬೆಂಕಿ ನೋಡಲು ಚೆಂದ, ಆದರೆ ಅದರ ಹೊಳಪಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಗಾಳಿ ಜಾಸ್ತಿಯಾದ ಬೆಂಕಿಯೂ ಬಿಳುಪೇರಿ ಹೊಳೆಯುತ್ತದೆ. ತೊಟ್ಟಿಯಲ್ಲಿ ಬಿದ್ದ ಬೂದಿ ಮಾತ್ರ ನಡೆದದ್ದನ್ನು ನಡೆದಂತೆ ಹೇಳುತ್ತದೆ.

ಚೆನ್ನಾಗಿ ಉರಿದ ಆಂಥ್ರಸೈಟಿನ ಬೂದಿ ತಿಳಿಬೂದು ಅಥವಾ ಮಾಸಲು ಕಂದು ಬಣ್ಣದ್ದು. ಅದರಲ್ಲಿ ಪುಡಿಯೂ ಇರುತ್ತದೆ, ಹರಳಿನ ಆಕಾರವನ್ನೇ ಉಳಿಸಿಕೊಂಡ ಹಗುರ ಚೂರುಗಳೂ ಇರುತ್ತವೆ. ಬೆರಳಲ್ಲಿ ಒತ್ತಿದರೆ ಅವು ಮುರಿಯುತ್ತವೆ. ಕಪ್ಪು ಚೂರುಗಳು ಅಲ್ಲೊಂದು ಇಲ್ಲೊಂದು ಕಂಡರೆ ಚಿಂತೆ ಬೇಡ. ಹಿಡಿಹಿಡಿಯಾಗಿ ಸಿಕ್ಕರೆ ಪೂರೈಕೆ ಹೆಚ್ಚಾಗಿದೆ, ಇಲ್ಲವೇ ಜಾಲರಿಯ ಒಂದು ಭಾಗಕ್ಕೆ ಗಾಳಿ ಬರುತ್ತಿಲ್ಲ. ಕಪ್ಪು ಚೂರುಗಳು ಒಂದೇ ಪಕ್ಕದಿಂದ ಬೀಳುತ್ತಿದ್ದರೆ ಆ ಪಕ್ಕದ ತೂತುಗಳು ಕಟ್ಟಿಕೊಂಡಿವೆ ಎಂದೇ ತಿಳಿಯಬೇಕು. ಆಗ ತಿರುಪು ತಿರುಗಿಸುವುದು ವ್ಯರ್ಥ, ಶುಚಿಮಾಡುವುದೇ ಮದ್ದು.

ಬೂದಿ ಕರಗಿ ಅಂಟಿಕೊಂಡು ಗಟ್ಟಿ ಗಡ್ಡೆಯಾದರೆ ಅದು ಕ್ಲಿಂಕರ್. ಕೆಂಡದ ಒಂದು ಭಾಗ ಬೂದಿಯ ಕರಗುಬಿಸಿಯನ್ನು ಮೀರಿ ಕಾದಾಗ ಹೀಗಾಗುತ್ತದೆ. ಗಾಳಿಯ ರಭಸ ಒಂದೇ ಕಡೆ ಹೆಚ್ಚಿದ್ದರೆ, ಪದರ ದಪ್ಪವಾಗಿದ್ದರೆ, ಅಥವಾ ಯಾರೋ ಕೆದಕಿದ್ದರೆ ಕ್ಲಿಂಕರ್ ಕಟ್ಟಬಹುದು. ಕಲ್ಲಿದ್ದಲಿನ ಗುಣವೂ ಕಾರಣವಾಗುತ್ತದೆ. ಬಿಳಿ ಬೂದಿಯ ಆಂಥ್ರಸೈಟ್ ಹೆಚ್ಚು ಬಿಸಿ ತಡೆಯುತ್ತದೆ, ಕಬ್ಬಿಣದ ಅಂಶದಿಂದ ಕೆಂಪಾದ ಬೂದಿಯದು ಬೇಗ ಕರಗುತ್ತದೆ. ಹಾಗಾಗಿ ಬೇರೆ ಗಣಿಯ ಕಲ್ಲಿದ್ದಲು ತರಿಸಿದಾಗ ಹಳೆಯ ಹೊಂದಾಣಿಕೆ ಹಾಗೇ ನಡೆಯುತ್ತದೆಂದು ನಂಬುವಂತಿಲ್ಲ. ಮೊದಲ ತೊಟ್ಟಿ ಬೂದಿಯನ್ನು ತಪ್ಪದೆ ನೋಡಬೇಕು.

ಕಾಯುವ ಬೆಂಕಿ ಮತ್ತು ಟೈಮರ್

ಎಣ್ಣೆಯ, ಅನಿಲದ ಬಾಯ್ಲರ್‌ಗಳು ಬೇಡವಾದಾಗ ಆರಿ, ಬೇಕಾದಾಗ ಹೊತ್ತಿಕೊಳ್ಳುತ್ತವೆ. ಆಂಥ್ರಸೈಟ್ ಹಾಗೆ ಹೊತ್ತಿಕೊಳ್ಳದು. ಮನೆಗೆ ಶಾಖ ಬೇಡದ ಹೊತ್ತಿನಲ್ಲೂ ಸಣ್ಣ ಬೆಂಕಿಯೊಂದನ್ನು ಜೀವಂತವಾಗಿಟ್ಟಿರಬೇಕು. ಟೈಮರ್ ಇರುವುದು ಇದಕ್ಕೇ. ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ಎರಡು ಮೂರು ನಿಮಿಷ ಸ್ಟೋಕರ್ ಓಡಿ, ತುಸು ಕಲ್ಲಿದ್ದಲು, ತುಸು ಗಾಳಿ ಕೊಟ್ಟು ನಿಲ್ಲುತ್ತದೆ.

ಓಡುವ ಹೊತ್ತು ಕಡಿಮೆಯಾದರೆ ಬೆಂಕಿ ಕುಗ್ಗುತ್ತ ಹೋಗಿ ಆರುತ್ತದೆ. ಹೆಚ್ಚಾದರೆ ಯಾರೂ ಕೇಳದ ಶಾಖ ಹುಟ್ಟಿ ನೀರಿನ ಬಿಸಿ ಮಿತಿ ಮೀರುತ್ತದೆ, ಕಲ್ಲಿದ್ದಲೂ ವ್ಯರ್ಥ. ತುಸು ಹೆಚ್ಚಿನ ಹೊತ್ತಿನಿಂದ ಶುರುಮಾಡಿ, ದಿನಕ್ಕೊಮ್ಮೆ ಸ್ವಲ್ಪ ತಗ್ಗಿಸುತ್ತ ಬರುವುದು ಒಳ್ಳೆಯ ದಾರಿ. ಕಾಯುವ ಬೆಂಕಿ ಪೂರೈಕೆಯ ತುದಿಗೆ ತೀರ ಹತ್ತಿರ ಸರಿದು ತೆಳುವಾದದ್ದು ಕಂಡಾಗ ಅಲ್ಲಿಂದ ಒಂದು ಮೆಟ್ಟಿಲು ಮೇಲೇರಿಸಿ ಬಿಡಬೇಕು. ಆ ಒಂದು ಮೆಟ್ಟಿಲನ್ನು ಉಳಿತಾಯದ ಆಸೆಗೆ ಬಿಟ್ಟುಕೊಡಬಾರದು. ಎಳೆತ ಸೊರಗಿದ ದಿನ ಬೆಂಕಿಯನ್ನು ಉಳಿಸುವುದು ಅದೇ.

ಪೂರೈಕೆಯನ್ನು ಬದಲಿಸಿದಾಗಲೆಲ್ಲ ಟೈಮರನ್ನೂ ಮತ್ತೆ ನೋಡಬೇಕಾಗುತ್ತದೆ. ಪೂರೈಕೆ ತಗ್ಗಿಸಿದರೆ ಅದೇ ಎರಡು ನಿಮಿಷದಲ್ಲಿ ಬೀಳುವ ಕಲ್ಲಿದ್ದಲೂ ತಗ್ಗುತ್ತದೆ. ನಿನ್ನೆಯವರೆಗೆ ನೆಟ್ಟಗಿದ್ದ ಬೆಂಕಿ ಕಾರಣವಿಲ್ಲದೆ ಆರಿದಂತೆ ಕಾಣುವುದು ಹೆಚ್ಚಾಗಿ ಈ ಮರೆವಿನಿಂದ.

ನೀರಿನ ಬಿಸಿ

ನೀರಿನ ಬಿಸಿಯನ್ನು ಕಾಯುವುದು ಅಕ್ವಾಸ್ಟಾಟ್. ಅದಕ್ಕೆ ಕೆಳಮಿತಿ, ಮೇಲ್ಮಿತಿ ಎರಡಿರುತ್ತವೆ. ಕೆಳಮಿತಿಗೆ ಇಳಿದಾಗ ಸ್ಟೋಕರ್ ಓಡುತ್ತದೆ, ಮೇಲ್ಮಿತಿ ಮುಟ್ಟಿದಾಗ ನಿಲ್ಲುತ್ತದೆ. ಕೆಳಗೆ 160, ಮೇಲೆ 180 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಮತ್ತು 82 ಸೆಲ್ಸಿಯಸ್, ಎಂದಿಡುವುದು ವಾಡಿಕೆ.

ಇಲ್ಲಿ ಆಂಥ್ರಸೈಟಿನ ಒಂದು ಸ್ವಭಾವ ತಿಳಿದಿರಬೇಕು. ಸ್ಟೋಕರ್ ನಿಂತರೂ ಜಾಲರಿಯ ಮೇಲಿನ ಕೆಂಡ ತಕ್ಷಣ ತಣ್ಣಗಾಗದು. ನೀರಿನ ಬಿಸಿ ಇನ್ನೂ ಕೆಲವು ಡಿಗ್ರಿ ಏರುತ್ತದೆ. ಮೇಲ್ಮಿತಿಯನ್ನು ತೀರ ಎತ್ತರಕ್ಕೆ ಇಟ್ಟರೆ ಈ ಏರಿಕೆ ಅಪಾಯದ ಅಂಚಿಗೆ ಒಯ್ಯುತ್ತದೆ. ಅದಕ್ಕೇ ಹೆಚ್ಚುವರಿ ಶಾಖವನ್ನು ಮನೆಯ ಒಂದು ಭಾಗಕ್ಕೆ ಸುರಿದುಬಿಡುವ ಏರ್ಪಾಟನ್ನೂ ಮಾಡಿರುತ್ತಾರೆ. ಒತ್ತಡ ಬಿಡುಗಡೆಯ ಕವಾಟ ಪ್ರತಿ ಬಾಯ್ಲರ್‌ಗೂ ಇರಲೇಬೇಕು. ಅಮೆರಿಕದ ಮನೆಗಳ ಬಿಸಿನೀರಿನ ಬಾಯ್ಲರ್‌ಗಳಲ್ಲಿ ಅದು ಸಾಮಾನ್ಯವಾಗಿ ಚದರ ಇಂಚಿಗೆ 30 ಪೌಂಡಿಗೆ ತೆರೆಯುತ್ತದೆ. ಅದು ತೊಟ್ಟಿಕ್ಕುತ್ತದೆಂದು ಬಿರಡೆ ಹಾಕುವುದು ಜೀವದ ಜೊತೆ ಆಟ.

ಗಾಳಿ ಸೋರುವ, ಸಿಕ್ಕಿಕೊಳ್ಳುವ ಜಾಗಗಳು

ಎಷ್ಟು ತಿರುಗಿಸಿದರೂ ಬೆಂಕಿ ಸರಿಹೋಗದಿದ್ದರೆ ದೋಷ ಹೊಂದಾಣಿಕೆಯಲ್ಲಿಲ್ಲ, ದಾರಿಯಲ್ಲಿದೆ. ಜಾಲರಿಯ ತೂತುಗಳಿಂದ ಉದುರಿದ ಪುಡಿ ಅಡಿಯ ಗಾಳಿಪೆಟ್ಟಿಗೆಯಲ್ಲಿ ಸೇರುತ್ತದೆ. ಅದು ತುಂಬಿದರೆ ಗಾಳಿಗೆ ದಾರಿಯಿಲ್ಲ. ತಂತಿಯಿಂದ ತೂತುಗಳನ್ನು ಬಿಡಿಸಿ, ಪೆಟ್ಟಿಗೆಯ ಪುಡಿಯನ್ನು ಹೀರುಯಂತ್ರದಿಂದ ತೆಗೆಯಬೇಕು, ಎಲ್ಲವೂ ತಣ್ಣಗಾದ ಮೇಲೆ. ಒಂದೇ ಒಂದು ಕೆಂಡ ಒಳಸೇರಿದರೂ ಹೀರುಯಂತ್ರ ಹೊತ್ತಿಕೊಳ್ಳುತ್ತದೆ.

ಜಾಲರಿ ಮತ್ತು ಅದರ ಚೌಕಟ್ಟಿನ ನಡುವಿನ ಅಂಟು ಬಿಟ್ಟಿದ್ದರೆ ಗಾಳಿ ಕೆಂಡವನ್ನು ಹಾಯದೆ ಪಕ್ಕದಿಂದ ನುಸುಳುತ್ತದೆ. ಅಂಚುಗಳಲ್ಲಿ ಬೆಂಕಿ ಬಿಳಿಯಾಗಿ, ನಡುವೆ ಮಂಕಾಗಿ ಕಂಡರೆ ಇದನ್ನು ಅನುಮಾನಿಸಿ. ಫ್ಯಾನಿನ ರೆಕ್ಕೆಗಳಿಗೆ ಧೂಳು ಮೆತ್ತಿಕೊಂಡರೆ ಗಾಳಿಬಾಗಿಲು ತೆರೆದಿದ್ದರೂ ಗಾಳಿ ಬಾರದು. ಬಾಯ್ಲರ್ ಒಳಗೋಡೆಗಳಲ್ಲಿ, ಹೊಗೆಗೊಳವೆಯ ಮಲಗಿದ ಭಾಗದಲ್ಲಿ, ಚಿಮಣಿಯ ಬುಡದಲ್ಲಿ ಹಾರುಬೂದಿ ತುಂಬಿದರೆ ಎಳೆತ ದಿನೇದಿನೇ ಇಳಿಯುತ್ತದೆ. ಮಾನೋಮೀಟರನ್ನು ಬಾಯ್ಲರ್‌ಗೆ ಕಾಯಂ ಆಗಿ ಜೋಡಿಸಿಟ್ಟವರಿಗೆ ಈ ಇಳಿತ ಮೊದಲೇ ಕಾಣುತ್ತದೆ.

ಮನೆಯೇ ಬಾಯ್ಲರ್ ಜೊತೆ ಗಾಳಿಗಾಗಿ ಪೈಪೋಟಿಗೆ ಇಳಿಯುವುದುಂಟು. ಅಡುಗೆಮನೆಯ, ಬಚ್ಚಲಿನ ಎಕ್ಸಾಸ್ಟ್ ಫ್ಯಾನುಗಳು, ಬಟ್ಟೆ ಒಣಗಿಸುವ ಯಂತ್ರ, ಇವೆಲ್ಲ ಮನೆಯ ಗಾಳಿಯನ್ನು ಹೊರದಬ್ಬುತ್ತವೆ. ಕಿಟಕಿಬಾಗಿಲುಗಳನ್ನು ಸಂದಿಲ್ಲದಂತೆ ಮುಚ್ಚಿದ ಮನೆಯಲ್ಲಿ ಆ ಕೊರತೆ ಚಿಮಣಿಯಿಂದಲೇ ತುಂಬಿಕೊಳ್ಳಬಹುದು, ಹೊಗೆಯ ಸಮೇತ. ಅವೆಲ್ಲ ಒಟ್ಟಿಗೆ ಓಡುವಾಗ ಎಳೆತ ಅಳೆದು, ಬೇಕಾದರೆ ನೆಲಮಾಳಿಗೆಗೆ ಹೊರಗಿನ ಗಾಳಿಯ ಕಿಂಡಿ ಕೊಡಬೇಕು.

ಕಾರ್ಬನ್ ಮಾನಾಕ್ಸೈಡ್

ಸೌದೆಯ ಹೊಗೆ ಕಣ್ಣುರಿಸಿ ಎಚ್ಚರಿಸುತ್ತದೆ. ಆಂಥ್ರಸೈಟಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ಓಕರಿಕೆ ಬಂದಾಗ ಜನ ಜ್ವರವೆಂದುಕೊಂಡು ಮಲಗಿಬಿಡುತ್ತಾರೆ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಮನೆಯ ಪ್ರತಿ ಮಹಡಿಯಲ್ಲೂ ಮಲಗುವ ಕೋಣೆಗಳ ಬಳಿಯೂ ಇದರ ಎಚ್ಚರಗಂಟೆ ಇರಬೇಕು. ಆ ಉಪಕರಣಗಳಿಗೂ ಆಯುಸ್ಸಿದೆ, ಅವಧಿ ಮುಗಿದದ್ದನ್ನು ಬದಲಿಸಬೇಕು. ಗಂಟೆ ಬಾರಿಸಿದರೆ ಕಾರಣ ಹುಡುಕುತ್ತ ನೆಲಮಾಳಿಗೆಗೆ ಇಳಿಯಬಾರದು. ಎಲ್ಲರೂ ಹೊರಗೆ ಬಂದು ಅಗ್ನಿಶಾಮಕದವರನ್ನು ಕರೆಯಬೇಕು.

ಹಾಪರ್‌ನ ಮುಚ್ಚಳವೂ ಇದೇ ಕಾರಣಕ್ಕೆ ಮುಖ್ಯ. ಹಾಪರ್ ಬರಿದಾಗುತ್ತ ಬಂದಾಗ ಕಲ್ಲಿದ್ದಲಿನ ತಡೆಯಿಲ್ಲದೆ ಅನಿಲ, ಕೆಲವೊಮ್ಮೆ ಬೆಂಕಿಯೇ, ಹಿಂದಕ್ಕೆ ಬರಬಹುದು. ಮುಚ್ಚಳದ ಅಂಚುಪಟ್ಟಿ ಗಟ್ಟಿಯಾಗಿರಲಿ, ಹಾಪರ್ ಎಂದೂ ಪೂರ್ತಿ ಬರಿದಾಗದಿರಲಿ. ಮೊದಲ ಸಲದ ಜೋಡಣೆ, ಚಿಮಣಿಯ ತಪಾಸಣೆ, ವಿದ್ಯುತ್ ಕೆಲಸ ಇವನ್ನು ಬಲ್ಲ ತಂತ್ರಜ್ಞರಿಗೇ ಬಿಡುವುದು ಕ್ಷೇಮ.

ಬೇಸಿಗೆ ಬಂದಾಗ

ಸ್ನಾನದ ನೀರಿಗಾಗಿ ಬೇಸಿಗೆಯಲ್ಲೂ ಬಾಯ್ಲರ್ ಓಡಿಸುವವರು ಟೈಮರನ್ನು ಬೇಸಿಗೆಗೆಂದೇ ಮರುಹೊಂದಿಸಬೇಕು. ಎಳೆತ ಕುಸಿಯುವ ಕಾಲ ಅದು. ಮೇಲೆ ಹಾಕಿದ ಲೆಕ್ಕದ 7 ಪಾಸ್ಕಲ್ ಕಾಗದದ ಮೇಲಿನದು, ಹೊಗೆಗೊಳವೆಯ ತಿರುವುಗಳು ಅದರಲ್ಲೂ ಒಂದಷ್ಟು ನುಂಗುತ್ತವೆ. ಚಿಮಣಿ ಗಿಡ್ಡವಾಗಿದ್ದರೆ, ಅಥವಾ ಮನೆಯ ಹೊರಗೋಡೆಗೆ ಅಂಟಿಕೊಂಡಿದ್ದು ಬೇಗ ತಣ್ಣಗಾಗುವಂತಿದ್ದರೆ, ಬೇಸಿಗೆಯಲ್ಲಿ ಬೆಂಕಿ ಇಡದಿರುವುದೇ ಮೇಲು.

ನಿಲ್ಲಿಸುವವರಿಗೆ ಒಂದು ಕೆಲಸ ತಪ್ಪಿದ್ದಲ್ಲ. ಹಾರುಬೂದಿಯಲ್ಲಿ ಗಂಧಕದ ಅಂಶವಿರುತ್ತದೆ. ಬೇಸಿಗೆಯ ನೆಲಮಾಳಿಗೆಯ ತೇವ ಅದರ ಜೊತೆ ಸೇರಿ ಆಮ್ಲವಾಗಿ ತಗಡನ್ನು ತಿನ್ನುತ್ತದೆ. ಚಳಿಗಾಲವಿಡೀ ಉರಿದ ಬೆಂಕಿಗಿಂತ ಸುಮ್ಮನೆ ನಿಂತ ನಾಲ್ಕು ತಿಂಗಳೇ ಬಾಯ್ಲರ್‌ನ ಉಕ್ಕನ್ನೂ ಹೊಗೆಗೊಳವೆಯನ್ನೂ ಹೆಚ್ಚು ಹಾಳುಮಾಡಬಲ್ಲವು. ಆದ್ದರಿಂದ ಬೆಂಕಿ ಆರಿಸಿದ ವಾರದಲ್ಲೇ ಒಳಗೋಡೆಗಳನ್ನು ಬ್ರಶ್ಶಿನಿಂದ ಉಜ್ಜಿ, ಬೂದಿ ತೆಗೆದು, ಹೊಗೆಗೊಳವೆಯನ್ನು ಬಿಚ್ಚಿ ತೊಳೆದು ಒಣಗಿಸಿ, ಉಕ್ಕಿನ ಮೇಲೆ ತೆಳುವಾಗಿ ಎಣ್ಣೆ ಸವರಬೇಕು. ಚಿಮಣಿಯ ಬಾಯನ್ನು ಮುಚ್ಚಿಟ್ಟರೆ ತೇವಭರಿತ ಗಾಳಿಯ ಓಡಾಟ ನಿಲ್ಲುತ್ತದೆ. ಮುಚ್ಚಿದ್ದೇವೆ ಎಂಬ ಚೀಟಿಯನ್ನು ಬಾಯ್ಲರ್ ಬಾಗಿಲಿಗೇ ಅಂಟಿಸಬೇಕು, ಅಕ್ಟೋಬರಿನಲ್ಲಿ ಬೆಂಕಿ ಹಾಕುವವರು ಅದನ್ನು ಮೊದಲು ನೋಡುವಂತೆ.